ಕೂಗಳತೆಯ ಆಚೆಯ ಪತ್ರಿ ಗಿಡ

ಮಹಾರಾಷ್ಟ್ರದ ಗಡಿಯ ಜತ್ತದ ಬಸ್ ಸ್ಟ್ಯಾಂಡಿನ ಹಿಂದಿರುವ ನನ್ನ ಸ್ಟುಡಿಯೊಗೆ ಆ ಯಜಮಾನರು ಬಂದಾಗ ಮದುವೆಯ ಬುಕಿಂಗ್ ಇರಬೇಕೆಂದು ಎದ್ದು ಕುರ್ಚಿ ಕೊಟ್ಟೆ. ಪೇಟೆಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟವರು. ಹಣೆ ತುಂಬ ವಿಭೂತಿ, ಮಾತು ಕಡಿಮೆ. ಮದುವೆ ಮೆರವಣಿಗೆಯ ಮೇಲೆ ಡ್ರೋನ್ ಹಾರಿಸುವವರು ನಮ್ಮ ತಾಲೂಕಿನಲ್ಲಿ ಈಗ ಬೇಕಾದಷ್ಟು ಜನ ಇದ್ದಾರೆ. ನಾನು ದಾಳಿಂಬೆ ತೋಟಗಳನ್ನೂ ಮೇಲಿನಿಂದ ಅಳೆದುಕೊಡುತ್ತೇನೆಂದು ಯಾರೋ ಅವರಿಗೆ ಹೇಳಿದ್ದರಂತೆ.

“ಮದುವಿ ಕೆಲಸ ಅಲ್ಲ ತಮ್ಮಾ. ಒಂದು ಕುಣಿ ಹುಡುಕಬೇಕಾಗೈತಿ” ಎಂದರು.

ಕುಣಿ ಅಂದರೆ ಹೆಣ ಹೂಳಿದ ಜಾಗ. ನಾನು ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟೆ.

ಮದುವೆಯಾದ ಹೊಸದರಲ್ಲಿ ಯಜಮಾನರು ಯಳವಿ ಹಳ್ಳಿಯ ಆಚೆ, ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ಲಾವಣಿ, ಅಂದರೆ ಗುತ್ತಿಗೆ, ಹೊಲ ಮಾಡುತ್ತಿದ್ದರು. ಬಾವಿಯ ಪಕ್ಕ ಗುಡಿಸಲು. ಮೊದಲನೆಯ ಕೂಸು, ಹೆಣ್ಣು, ಹುಟ್ಟಿ ಕೆಲವೇ ದಿನಗಳಲ್ಲಿ ತೀರಿಕೊಂಡಿತು. ಅವರೂ ಅವರ ತಂದೆಯೂ ಸೇರಿ ಹೊಲದ ಅಂಚಿನಲ್ಲಿ ಹೂತು ಬಂದರು. ಹೆಂಗಸರು ಮಣ್ಣಿಗೆ ಹೋಗುವ ಪದ್ಧತಿಯಿಲ್ಲ, ಅದರಲ್ಲೂ ಹಸಿ ಬಾಣಂತಿ. ತಾಯಿ ಆ ಜಾಗವನ್ನು ನೋಡಲೇ ಇಲ್ಲ. ಮುಂದೆ ಆ ಭೂಮಿ ಸರಕಾರದ ಕಾಡಿಗೆ ಸೇರಿತು, ಬೇಲಿ ಬಿತ್ತು, ಸಸಿ ನೆಟ್ಟರು. ಇವರು ಜತ್ತಕ್ಕೆ ಬಂದು ಅಂಗಡಿ ತೆರೆದರು. ಆಮೇಲೆ ಎರಡು ಮಕ್ಕಳಾಗಿ, ಬೆಳೆದು, ಅವರ ಮದುವೆಗಳೂ ಆದವು.

ಈಗ ಅವರ ಹೆಂಡತಿಗೆ ದೊಡ್ಡ ಬೇನೆ, ಕ್ಯಾನ್ಸರ್. ಎಲುಬಿಗೆ ಇಳಿದಿದೆ, ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದ್ದರು.

“ಇಷ್ಟ ವರ್ಷ ಆಕಿ ಒಮ್ಮಿನೂ ಬಾಯಿ ಬಿಟ್ಟು ಕೇಳಿಲ್ಲ. ಈಗ ಕೇಳ್ಯಾಳ. ಕೂಸಿನ ಜಾಗಾ ಒಮ್ಮಿ ಕಣ್ಣಿಂದ ನೋಡಬೇಕಂತ. ಅಲ್ಲಿಂದು ಒಂದು ಹಿಡಿ ಮಣ್ಣು ತನ್ನ ಕುಣ್ಯಾಗ ಹಾಕಬೇಕಂತ.”

ಡ್ರೋನ್ ನೆಲದೊಳಗಿನದನ್ನು ನೋಡುವುದಿಲ್ಲ ಎಂದು ನೇರವಾಗಿಯೇ ಹೇಳಿದೆ. ಸುಳ್ಳು ಆಸೆ ಹಚ್ಚುವುದು ನನಗೆ ಸೇರುವುದಿಲ್ಲ. ಅದಕ್ಕವರು, ಕುಣಿಯ ಮೇಲೆ ಒಂದು ಗುಂಡುಕಲ್ಲು ಇಟ್ಟು, ತಲೆಯ ಕಡೆಗೆ ಪತ್ರಿ ಗಿಡ ಹಚ್ಚಿದ್ದೇವೆ ಎಂದರು. ಪತ್ರಿ ಅಂದರೆ ಬಿಲ್ವ. ಮರವಾದರೆ ಮೇಲಿನಿಂದ ಸಿಕ್ಕೇಸಿಗುತ್ತದೆ ಅನ್ನಿಸಿತು. ಒಪ್ಪಿಕೊಂಡೆ.

ಕಾಡಿನ ಕಚೇರಿಯಿಂದ ಪರವಾನಗಿ ತಂದು, ಮಾಘ ಮಾಸದ ಒಂದು ಬೆಳಗ್ಗೆ ಹೊರಟೆವು. ಜೀಪು ಚಾಚಾನದು. ಎಲ್ಲರೂ ಅವನನ್ನು ಚಾಚಾ ಎಂದೇ ಕರೆಯುತ್ತಾರೆ. ಮದುವೆ ಶೂಟಿಂಗುಗಳಿಗೆ ನನ್ನ ಸಾಮಾನು ಹೊರುವ ಗಾಡಿ ಅದೇ. ಡಾಂಬರು ಬಿಟ್ಟ ಮೇಲೆ ದಾರಿ ಬರೀ ಕಲ್ಲು. ಗುಡ್ಡದ ನೆತ್ತಿಯ ಮೇಲೆ ಪವನಚಕ್ಕಿಗಳು, ಗಾಳಿಯಿಂದ ಕರೆಂಟು ಮಾಡುವ ಯಂತ್ರಗಳು, ತಿರುಗುತ್ತಿದ್ದವು. ಅವು ಜೋರಾಗಿ ತಿರುಗಿದರೆ ನನಗೆ ತಲೆನೋವು.

“ಕ್ಯಾ ಭೈ, ಈ ಗಾಳ್ಯಾಗ ನಿನ್ನ ಹಕ್ಕಿ ಹಾರತೈತೋ ಇಲ್ಲಾ ಕರ್ನಾಟಕಕ್ಕ ಹೋಗಿ ಇಳೀತೈತೋ?” ಎಂದು ಚಾಚಾ ನಕ್ಕ. ಯಜಮಾನರು ನಗಲಿಲ್ಲ.

ಬಾವಿ ಸಿಕ್ಕಿತು. ಒಣಗಿ, ಒಳಗೆ ಅತ್ತಿಯ ಗಿಡ ಬೆಳೆದಿತ್ತು. ಗುಡಿಸಲಿನ ಗುರುತೇ ಇಲ್ಲ. ಸುತ್ತ ಬೇವು, ಹೊಂಗೆ, ಸುಬಾಬುಳಿ ಹೆಣೆದುಕೊಂಡು ಬೆಳೆದಿದ್ದವು. ನಮ್ಮ ಬಯಲುಸೀಮೆಯಲ್ಲಿ ಇಷ್ಟು ದಟ್ಟ ಕಾಡು ಇದೆಯೆಂದು ನನಗೇ ಗೊತ್ತಿರಲಿಲ್ಲ. ಯಾವ ದಿಕ್ಕು ಎಂದು ಕೇಳಿದೆ. ಯಜಮಾನರು ಹಳ್ಳದ ಕಡೆಗೆ ಕೈ ತೋರಿಸಿದರು. ಎಷ್ಟು ದೂರ ಎಂದೆ.

“ಕೂಗಳತಿ ಆಚೆ. ತಾಯಿ ಅಳೂದು ಕೇಳಿದ್ರ ಕೂಸಿನ ಜೀವ ಹೊಳ್ಳಿ ಬರತೈತಿ, ಅದಕ್ಕ ಮುಕ್ತಿ ಇಲ್ಲ ಅಂತಿದ್ರು ಹಿರೇರು. ನಾನು ಈ ಬಾವಿ ಕಟ್ಟಿ ಮ್ಯಾಲ ನಿಂತು ಕೂಗಿದೆ. ನಮ್ಮಪ್ಪ ಕೂಸಿನ್ನ ಎತಗೊಂಡು ನಡದ. ನನ್ನ ದನಿ ಕೇಳದಾದಲ್ಲಿ ನಿಂತ. ಅಲ್ಲೇ ತಗದ್ವಿ ಕುಣಿ.”

ಅದನ್ನೇ ಮತ್ತೆ ಮಾಡೋಣ ಎಂದೆ. ಚಾಚಾ ಬಾವಿಕಟ್ಟೆಯ ಮೇಲೆ ನಿಂತು ಬಾಯಿಗೆ ಕೈ ಹಚ್ಚಿ “ಓ...” ಎಂದು ಕೂಗತೊಡಗಿದ. ಯಜಮಾನರು ಹಳ್ಳದ ದಂಡೆ ಹಿಡಿದು ನಡೆದರು. ಎರಡೂ ಕೈಗಳನ್ನು ಎದೆಯ ಹತ್ತಿರ ಮಡಚಿಕೊಂಡು, ಏನನ್ನೋ ಹೊತ್ತವರ ಹಾಗೆ ನಡೆಯುತ್ತಿದ್ದರು. ಅದು ಅವರಿಗೆ ಗೊತ್ತಿತ್ತೋ ಇಲ್ಲವೋ. ದನಿ ನಿಂತಲ್ಲಿ ನಿಂತರು. ಆ ಜಾಗವನ್ನು ಯಂತ್ರದಲ್ಲಿ ಗುರುತು ಮಾಡಿಕೊಂಡು, ಸುತ್ತ ಒಂದು ವೃತ್ತ ಹಾಕಿದೆ.

ಹೊಲ ಉಳುವ ಹಾಗೆಯೇ ಡ್ರೋನಿನ ಕೆಲಸ. ಈ ಕಡೆಯಿಂದ ಆ ಕಡೆ, ತಿರುಗಿ ಅದರ ಪಕ್ಕದ ಸಾಲು, ಒಂದು ಚಿತ್ರದ ಅಂಚು ಇನ್ನೊಂದರ ಮೇಲೆ ಬೀಳಬೇಕು. ಮರಗಳ ನೆತ್ತಿಯಿಂದ ಸ್ವಲ್ಪವೇ ಮೇಲೆ ಹಾರಿಸಿದರೆ ಎಲೆ ಗುರುತು ಸಿಗುತ್ತದೆ, ಆದರೆ ಗಾಳಿ ಬಂದರೆ ಕೊಂಬೆಗೆ ಬಡಿಯುತ್ತದೆ. ಬಡಿಯಿತು. ಮೂರನೆಯ ಬ್ಯಾಟರಿ ಹಾಕಿದ ಮೇಲೆ ಗುಡ್ಡದ ಸಂದಿಯಿಂದ ಒಮ್ಮೆಲೇ ನುಗ್ಗಿದ ಗಾಳಿ ಅದನ್ನು ಬೇವಿನ ತುದಿಗೆ ತಳ್ಳಿತು. ರೆಕ್ಕೆ ಮುರಿದು, ಕೊಂಬೆ ಕೊಂಬೆಗೆ ತಾಗುತ್ತಾ ಕೆಳಗೆ ಬಿತ್ತು. ಗಾಳಿಯನ್ನು ಗುದ್ದಿ ಮೈ ನೋಯಿಸಿಕೊಂಡಂತೆ ಅನ್ನುತ್ತಾರಲ್ಲ, ನಾನು ಅದನ್ನು ಅಕ್ಷರಶಃ ಮಾಡಿದ್ದೆ. ನನಗೆ ಸಿಟ್ಟು ಬಂದು ಮರಕ್ಕೇ ಒದ್ದೆ.

ಅಷ್ಟರಲ್ಲಿ ತೆಗೆದಿದ್ದ ಚಿತ್ರಗಳನ್ನು ಮನೆಯಲ್ಲಿ ಜೋಡಿಸಿ ನೋಡಿದರೆ ಎಲ್ಲವೂ ಒಂದೇ ಹಸಿರು. ಪತ್ರಿಯಿರಬಹುದು ಅನ್ನಿಸಿದ ಗಿಡಗಳಿಗೆ ಗುರುತು ಹಾಕಿ, ಮತ್ತೊಂದು ದಿನ ಹೋಗಿ ಒಂದೊಂದರ ಬುಡಕ್ಕೂ ನಡೆದೆವು. ಒಂದೂ ಪತ್ರಿಯಲ್ಲ. ಯಜಮಾನರು ಪ್ರತಿ ಗಿಡದ ಹತ್ತಿರ ಬಂದಾಗಲೂ ಹೆಜ್ಜೆ ಜೋರು ಮಾಡುತ್ತಿದ್ದರು, ಎಲೆ ಕಂಡ ಕೂಡಲೇ ನಿಧಾನವಾಗುತ್ತಿದ್ದರು. ನೋಡಲಾಗುತ್ತಿರಲಿಲ್ಲ.

ಹಿಂದಿರುಗುವಾಗ, ನೀರಿನ ಬಾಟಲಿ ತಾ ಎಂದು ಚಾಚಾನನ್ನು ಕೂಗಿದೆ. ಅವನು ಹತ್ತಿರದಲ್ಲೇ, ಮರಗಳ ಆಚೆ ಜೀಪಿನ ಬಳಿ ಇದ್ದ. ಕೇಳಿಸಲಿಲ್ಲ. ಮತ್ತೆ ಕೂಗಿದೆ. ಆಗಲೂ ಇಲ್ಲ. “ಕಿವುಡ ಆಗಿಯೇನು?” ಎಂದು ಬೈಯಬೇಕೆಂದು ಹೋದವನು ನಡುದಾರಿಯಲ್ಲೇ ನಿಂತುಬಿಟ್ಟೆ. ಕಿವುಡ ಅವನಲ್ಲ. ಮರಗಳು ದನಿಯನ್ನು ತಿನ್ನುತ್ತಿದ್ದವು. ಕೂಸನ್ನು ಹೂತ ದಿನ ಇಲ್ಲಿ ಒಂದು ಮರವೂ ಇರಲಿಲ್ಲ, ಬರೀ ಉತ್ತ ಹೊಲ. ಅಂದಿನ ಕೂಗು ಎಷ್ಟು ದೂರ ಹೋಗಿತ್ತೋ! ನಾವು ಅಂದಿನ ಅಳತೆಯನ್ನು ಇಂದಿನ ಕಾಡಿನಲ್ಲಿ ಅಳೆದಿದ್ದೆವು.

ಇದನ್ನು ಹೇಳಿದಾಗ ಯಜಮಾನರು ಅಲ್ಲೇ ಕಲ್ಲಿನ ಮೇಲೆ ಕುಳಿತರು. “ಹಂಗಾದ್ರ ಇಡೀ ಕಣಿವಿ ಹುಡುಕಬೇಕಲ್ಲೋ ತಮ್ಮಾ.”

ಇಡೀ ಕಣಿವೆ ಹಾರಿಸಬಹುದಿತ್ತು. ಹಾರಿಸಿದರೂ ಮತ್ತೆ ಅದೇ ಹಸಿರು, ಮತ್ತೆ ಪ್ರತಿ ಗಿಡಕ್ಕೂ ನಡಿಗೆ. ಉಪಾಯ ಹೊಳೆದದ್ದು ಜತ್ತದಲ್ಲಿ, ಮಠದ ಅಂಗಳದಲ್ಲಿ. ಅಲ್ಲಿನ ಪತ್ರಿ ಗಿಡ ಎಲೆ ಉದುರಿಸಲು ಶುರು ಮಾಡಿತ್ತು. ಬೇವು ಹಸಿರಾಗಿಯೇ ಇರುವ ಹೊತ್ತಿಗೆ ಪತ್ರಿ ಪೂರ್ತಿ ಬೋಳಾಗುತ್ತದೆ, ಕಾಯಿಗಳಷ್ಟೇ ಚೆಂಡಿನ ಹಾಗೆ ಜೋತಾಡುತ್ತವೆ. ಮೇಲಿನಿಂದ ನೋಡಿದರೆ ಹಸಿರು ಸೀರೆಯಲ್ಲಿ ಬಿದ್ದ ತೂತಿನಂತೆ ಕಾಣಲೇಬೇಕು. ಆದರೆ ಅದಕ್ಕೆ ಕಾಯಬೇಕು.

ಕಾಯೋಣ ಎಂದು ಹೇಳಲು ಅವರ ಮನೆಗೆ ಹೋದೆ. ಹೆಂಡತಿಯವರನ್ನು ಮೊದಲ ಸಲ ನೋಡಿದ್ದು ಆಗ. ಕೋಲು ಹಿಡಿದು ಬಾಗಿಲವರೆಗೆ ಬಂದು “ಬರ್ರಿ ತಮ್ಮಾ, ಕುಂದ್ರಿ” ಎಂದರು. ಚಹಾ ಮಾಡಿಸಿದರು. ನನ್ನ ಮಾತು ಕೇಳಿ ಯಜಮಾನರು ಸಿಡಿದರು. “ಗಿಡಾ ಎಲಿ ಉದುರಿಸೂತನಕ ಆಕಿ ಇರತಾಳೇನು? ನೀ ಬರದಿದ್ರ ಬಿಡು, ನಾನ ಹೋಗಿ ಒಂದೊಂದ ಗಿಡ ನೋಡತೀನಿ.” ಹೆಂಡತಿ ಅವರ ತೋಳು ಮುಟ್ಟಿ, “ಇಷ್ಟ ದಿನ ತಡದೀನಿ. ಇನ್ನೀಟ ತಡೀಲಾರದ್ಕೇನಾಗೈತಿ?” ಎಂದರು. ಕಾಯುವುದೆಂದು ಆಯಿತು. ಆ ನಿರ್ಧಾರ ಸರಿಯಾಗಿತ್ತು, ನನಗೆ ಅನುಮಾನವಿಲ್ಲ. ಆದರೆ ಅಂದು ಬಾಗಿಲಿಗೆ ನಡೆದು ಬಂದಿದ್ದ ಆ ತಾಯಿ, ಗಿಡ ಬೋಳಾಗುವ ಹೊತ್ತಿಗೆ ಹಾಸಿಗೆ ಹಿಡಿದಿದ್ದರು. ಇದು ಈಗಲೂ ಎದೆಯಲ್ಲಿ ಚುಚ್ಚುತ್ತದೆ.

ಯುಗಾದಿ ಹತ್ತಿರ ಬಂದಾಗ ರಿಪೇರಿಯಾದ ಡ್ರೋನ್ ಹಿಡಿದು ಮತ್ತೆ ಹೋದೆವು. ಈ ಸಲ ಎತ್ತರಕ್ಕೆ ಒಯ್ದು, ಹಳ್ಳದ ಉದ್ದಕ್ಕೂ ಬಿಟ್ಟೆ. ಎಲೆಯ ಗುರುತು ಬೇಕಿರಲಿಲ್ಲ, ಎಲೆಯಿಲ್ಲದ್ದು ಬೇಕಿತ್ತು. ಬಿಸಿಲಿಗೆ ಪರದೆ ಕಾಣದೆ, ಚಾಚಾನ ಟವೆಲನ್ನು ತಲೆಯ ಮೇಲೆ ಹೊದ್ದು ನೋಡುತ್ತಿದ್ದೆ. ನಾವು ಹುಡುಕಿದ್ದ ಜಾಗದಿಂದ ಬಹಳ ಆಚೆ, ಹಳ್ಳ ತಿರುವು ತೆಗೆದುಕೊಳ್ಳುವಲ್ಲಿ, ಒಂದು ಬೋಳು ಗಿಡ ಕಂಡಿತು. ಕೆಳಗಿಳಿಸಿದೆ. ಜೋತಾಡುವ ಕಾಯಿ. ಇನ್ನೂ ಇಳಿಸಿದೆ. ಗಿಡದ ಬುಡದಲ್ಲಿ ಕಲ್ಲಿನ ಕಟ್ಟೆ, ಮೇಲೊಂದು ಕೇಸರಿ ಬಾವುಟ.

“ಯಾವುದೋ ದೇವರ ಗುಡಿ ಇದು” ಎಂದೆ. ಯಜಮಾನರು ಟವೆಲಿನೊಳಗೆ ತಲೆ ತೂರಿಸಿ ನೋಡಿದರು. “ಅಲ್ಲಿ ಯಾವ ದೇವರೂ ಇರಲಿಲ್ಲ” ಎಂದರು.

ಮೂವರೂ ನಡೆದು ಹೋದೆವು. ಕಟ್ಟೆಯ ಪಕ್ಕ ಕುರಿ ಕಾಯುವ ಮುದುಕನೊಬ್ಬ ಕುಳಿತಿದ್ದ. “ಚಪ್ಲಿ ಅಲ್ಲೇ ಬಿಡ್ರಿ, ದೇವರದು” ಎಂದ. ಬಿಟ್ಟೆವು. ಕಟ್ಟೆಯ ನಡುವೆ ಎಣ್ಣೆ, ಕುಂಕುಮ ಕುಡಿದು ಕಪ್ಪಾದ ಗುಂಡುಕಲ್ಲು. ಕೊಂಬೆಗಳಿಗೆ ಬಟ್ಟೆಯ ಪುಟ್ಟ ಪುಟ್ಟ ತೊಟ್ಟಿಲುಗಳನ್ನು ಕಟ್ಟಿದ್ದರು. ಯಾವ ದೇವರು ಎಂದು ಕೇಳಿದೆ.

“ಪತ್ರಿ ಲಿಂಗಪ್ಪ ಅಂತೀವ್ರಿ. ನಮ್ಮಪ್ಪನ ಕಾಲಕ್ಕ ಈ ಹಳ್ಳ ದಂಡಿ ಕೊರಕೋತ ಬಂದಿತ್ರಿ. ಒಂದು ಮಳಿಗಾಲ, ಈ ಗಿಡದ ಬುಡದಾಗಿಂದ ವಿಭೂತಿ ಹೊರಗ ಬಂತ್ರಿ. ಗಟ್ಟಿ ಗಟ್ಟಿ ವಿಭೂತಿ! ಅಡವ್ಯಾಗ, ನೆಲದಾಗ, ಯಾರು ಇಟ್ಟಿರತಾರ ಹೇಳ್ರಿ? ದೇವರು ಎದ್ದಾನ ಅಂತ ನಮ್ಮಪ್ಪ ಅಡ್ಡ ಕಲ್ಲು ಒಟ್ಟಿ ಹಳ್ಳ ತಿರಿವಿದ. ಇಲ್ಲಾಂದ್ರ ಆ ವರ್ಷನ ಗಿಡಾ, ಕಲ್ಲು ಎಲ್ಲಾ ಹರಕೊಂಡು ಹೋಗತಿತ್ತು. ಭಾಳ ಜಾಗೃತ ದೇವರ್ರಿ. ಕೂಸುಗಳಿಗೆ ಜರಾ ಬಂದ್ರ, ಹಾಲ ಕುಡೀದಿದ್ರ, ಇಲ್ಲಿ ಬೇಡಿಕೊಂಡ ತೊಟ್ಟಲಾ ಕಟ್ಟಿದ್ರ ಸಾಕು.”

ಯಜಮಾನರ ಮುಖ ನೋಡಿದೆ. ಲಿಂಗಾಯತರು ಹೂಳುವಾಗ ಕುಣಿಯೊಳಗೆ ವಿಭೂತಿ ಗಟ್ಟಿ ಇಡುತ್ತಾರೆ. ಊರ ಸ್ಮಶಾನದಲ್ಲಾದರೆ ಯಾರಿಗಾದರೂ ಹೊಳೆಯುತ್ತಿತ್ತು. ಮನೆಯಿಲ್ಲದ ಕಾಡಿನಲ್ಲಿ ಯಾರಿಗೆ ಹೊಳೆಯಬೇಕು! ತಮ್ಮ ಕೈಯಾರೆ ಇಟ್ಟ ವಿಭೂತಿಯ ಕಥೆಯನ್ನು ಅವರು ಕೈಮುಗಿದು ನಿಂತು ಕೇಳುತ್ತಿದ್ದರು. ಮುದುಕ ಕಟ್ಟೆಯ ಮೇಲಿಂದ ಚಿಟಿಕೆ ವಿಭೂತಿ ತೆಗೆದು ಅವರ ಹಣೆಗೆ ಹಚ್ಚಿದ. ಅವರು ಬಗ್ಗಿ, ಹಣೆಯನ್ನು ಕಲ್ಲಿಗೆ ತಾಗಿಸಿ, ಬಹಳ ಹೊತ್ತು ಏಳಲಿಲ್ಲ. “ಭಾಳ ಭಕ್ತಿ ಐತಿ ಇವರಿಗೆ” ಎಂದು ಮುದುಕ ನನಗೆ ಮೆಲ್ಲಗೆ ಹೇಳಿದ. ಚಾಚಾ ಮುಖ ತಿರುಗಿಸಿಕೊಂಡು ಕಣ್ಣೊರೆಸಿದ.

ಎದ್ದವರು, ಬುಡದ ಒಂದು ಹಿಡಿ ಮಣ್ಣು ತೆಗೆದುಕೊಳ್ಳಲೇ ಎಂದು ಕೇಳಿದರು.

“ಬ್ಯಾಡ್ರಿ ಯಜಮಾನ್ರ, ದೇವರ ಬುಡಾ ಕೆದರಬಾರದು. ಬೇಕಾದ್ರ ವಿಭೂತಿ ಒಯ್ಯಿರಿ. ಮಣ್ಣಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ.”

ಯಜಮಾನರ ಬಾಯಿ ತೆರೆಯಿತು. ಒಂದೇ ಮಾತು ಸಾಕಿತ್ತು, ಇದು ನನ್ನ ಮಗಳ ಕುಣಿ ಎಂದು. ಅವರು ಹೇಳಲಿ ಎಂದೇ ನಾನು ಕಾಯುತ್ತಿದ್ದೆ. ಅವರು ಹೇಳಲಿಲ್ಲ. ಜೀಪಿನಲ್ಲಿ ಕುಳಿತ ಮೇಲೆ ನನಗೆ ತಡೆಯಲಾಗಲಿಲ್ಲ. “ಯಾಕ ಹೇಳಲಿಲ್ರೀ? ಮಗಳು ನಿಮ್ಮಾಕಿ, ಮಣ್ಣು ನಿಮ್ಮದು” ಎಂದೆ. ಅವರು ಕಿಟಕಿಯ ಹೊರಗೆ ನೋಡುತ್ತಾ, “ಆಕಿನ್ನ ಕೇಳತೀನಿ” ಎಂದಷ್ಟೇ ಹೇಳಿದರು.

ಮನೆಯಲ್ಲಿ ಹಾಸಿಗೆಯ ಪಕ್ಕ ಕುಳಿತು ಚಿತ್ರಗಳನ್ನು ತೋರಿಸಿದೆವು. ಯಜಮಾನರು ಎಲ್ಲವನ್ನೂ ಹೇಳಿದರು. ವಿಭೂತಿ ಹೊರಬಂದದ್ದು, ಹಳ್ಳ ತಿರುಗಿಸಿದ್ದು, ಮಣ್ಣು ಮುಟ್ಟಗೊಡದದ್ದು. ತಾಯಿ ಕಲ್ಲಿನ ಮೇಲಿನ ಕುಂಕುಮವನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು.

“ಲಿಂಗಪ್ಪ ಅಂತಾರೇನು? ಹೆಣ್ಣಲ್ಲೇನು ಅದು!” ಎಂದು ನಕ್ಕರು. ಆ ನಗು ಎಲ್ಲೋ ಹೋಗಿ ಅಳುವಾಯಿತು. ಸುಧಾರಿಸಿಕೊಂಡು ಗಂಡನಿಗೆ, “ಹೇಳಬ್ಯಾಡ್ರಿ ಅವರಿಗೆ. ಹೆತ್ತಾಕಿ ನಾ ಒಂದು ಹನಿ ಹಾಲು ಎರದಿಲ್ಲ. ಅವರು ದಿನಾ ನೀರು ಹಾಕ್ಯಾರ, ಹರಕೊಂಡು ಹೋಗೂದ್ನ ಉಳಿಸ್ಯಾರ. ಕುಣಿ ಅಂತ ಗೊತ್ತಾದ್ರ ಕೈ ತೊಳಕೊಂಡು ಎದ್ದು ಹೋಗತಾರ. ಆಮ್ಯಾಲ ಆಕಿಗೆ ಯಾರದಾರ ಅಲ್ಲಿ? ನನಗ ಮಣ್ಣು ಬ್ಯಾಡ. ನಾಕು ಮಂದಿ ಹೋದಂಗ ನಾನೂ ಹೋಗಿ ಕೈಮುಗದು ಬರತೀನಿ” ಎಂದರು.

ಹಾಗೆ ಆ ಮನೆಯವರು ಮಣ್ಣಿನ ಆಸೆ ಬಿಟ್ಟರು. ಬಸವ ಜಯಂತಿಗೆ ಮೊದಲೇ ಆ ತಾಯಿ ತೀರಿಕೊಂಡರು. ಜತ್ತದಲ್ಲಿ ಅವರನ್ನು ಕುಣಿಗಿಳಿಸುವಾಗ ನಾನೂ ಇದ್ದೆ. ಪತ್ರಿ ಇತ್ತು, ವಿಭೂತಿ ಇತ್ತು, ಆ ಒಂದು ಹಿಡಿ ಮಣ್ಣು ಇರಲಿಲ್ಲ. ಅದಕ್ಕೂ ಮೊದಲು, ಯುಗಾದಿ ಮುಗಿದ ಮೂರ್ನಾಲ್ಕು ದಿನಕ್ಕೆ ಅವರನ್ನು ಕಣಿವೆಗೆ ಕರೆದುಕೊಂಡು ಹೋದದ್ದನ್ನು ಹೇಳಿ ಮುಗಿಸುತ್ತೇನೆ.

ಚಾಚಾ ಜೀಪಿನ ಹಿಂದಿನ ಸೀಟು ತೆಗೆದು ಗಾದಿ ಹಾಸಿದ್ದ. ಅಷ್ಟು ನಿಧಾನವಾಗಿ ಅವನು ಗಾಡಿ ಹೊಡೆದದ್ದನ್ನು ನಾನು ಯಾವತ್ತೂ ನೋಡಿಲ್ಲ. ಒಂದೊಂದು ಕಲ್ಲು ಬಂದಾಗಲೂ “ಯಾ ಅಲ್ಲಾ” ಎನ್ನುತ್ತಾ ಇಳಿಸುತ್ತಿದ್ದ. ಆದರೂ ತಾಯಿಗೆ ನೋವು ತಡೆಯಲಾಗಲಿಲ್ಲ. ಬಾವಿಯ ಹತ್ತಿರ ಬರುವಷ್ಟರಲ್ಲಿ ತುಟಿಗಳು ಬಿಳಿಚಿಕೊಂಡಿದ್ದವು. ಅಲ್ಲಿಂದ ಮುಂದೆ ಜೀಪು ಹೋಗದು. ಕುರ್ಚಿಯಲ್ಲಿ ಹೊತ್ತುಕೊಂಡು ಹೋಗೋಣವೆಂದು ಎತ್ತಲು ನೋಡಿದೆವು. ಅವರು ಚೀರಿದರು. ಮೆಲ್ಲಗೆ ಮತ್ತೆ ಮಲಗಿಸಿದೆವು.

“ನೀವು ಹೋಗ್ರಿ. ತೊಟ್ಟಲಾ ಕಟ್ಟಿ ಬರ್ರಿ. ನಾ ಇಲ್ಲೇ ಇರತೀನಿ” ಎಂದು ಗಂಡನನ್ನು ಕಳಿಸಿದರು. ತಮ್ಮ ಹಳೆಯ ಇಲಕಲ್ ಸೀರೆಯ ಸೆರಗು ಹರಿದು, ಹಾಸಿಗೆಯಲ್ಲೇ ಮಲಗಿ ಹೊಲಿದ ಕೆಂಪು ತೊಟ್ಟಿಲು ಅದು. ಯಜಮಾನರು ಅದನ್ನೂ ತೆಂಗಿನಕಾಯಿಯನ್ನೂ ಹಿಡಿದು ಮರಗಳ ನಡುವೆ ಮರೆಯಾದರು.

ನಾನು ಡ್ರೋನ್ ಹಾರಿಸಿ, ತಾಯಿಯ ಪಕ್ಕ ಕುಳಿತು ಪರದೆಯನ್ನು ಅವರ ಮುಖದ ಹತ್ತಿರ ಹಿಡಿದೆ. ಬೇವು ದಾಟಿತು, ಹಳ್ಳ ಬಂತು, ಬೋಳು ಪತ್ರಿ ಗಿಡ ಬಂತು. ಯಜಮಾನರು ಕೈಯೆತ್ತಿ ಕೊಂಬೆಗೆ ತೊಟ್ಟಿಲು ಕಟ್ಟುತ್ತಿರುವುದು ಕಂಡಿತು. ಕಟ್ಟಿ ಹಿಂದೆ ಸರಿದರು.

“ಇನ್ನೀಟ ಹತ್ರ ಒಯ್ಯಿರಿ ತಮ್ಮಾ.”

ಇಳಿಸಿದೆ. ಎಲೆಯಿಲ್ಲದ ಗಿಡ, ಡ್ರೋನಿನ ಗಾಳಿ ನೇರವಾಗಿ ಕೊಂಬೆಗಳ ನಡುವೆ ಇಳಿಯಿತು. ಎಲ್ಲ ತೊಟ್ಟಿಲುಗಳೂ ಅಲುಗಾಡಿದವು, ಹೊಸ ಕೆಂಪು ತೊಟ್ಟಿಲು ಎಲ್ಲಕ್ಕಿಂತ ಜೋರಾಗಿ ತೂಗತೊಡಗಿತು. ಗಾಳಿಯಿಂದ ತೊಂದರೆಯಾಗುತ್ತದೆಂದು ಮೇಲೆತ್ತಲು ಹೋದೆ. ತಾಯಿ ನನ್ನ ಮಣಿಕಟ್ಟು ಹಿಡಿದರು.

“ಇರ್ಲಿ ಇರ್ಲಿ. ತೊಟ್ಟಲಕ್ಕ ಹಾಕೂಕಿಂತ ಮೊದಲ ಹೋತು ತಮ್ಮಾ ಅದು. ನಾ ಒಂದ ದಿನಾನೂ ತೂಗಲಿಲ್ಲ.”

ಅಲ್ಲೇ ನಿಲ್ಲಿಸಿದೆ. ಅವರು ನೋಡುತ್ತಿದ್ದರು. ಗಾದಿಯ ಮೇಲಿದ್ದ ಅವರ ಕೈ ಮೆಲ್ಲಗೆ ಹಿಂದೆ ಮುಂದೆ ಆಡುತ್ತಿತ್ತು. ಬ್ಯಾಟರಿ ಮುಗಿಯುತ್ತಿದೆ ಎಂದು ಯಂತ್ರ ಕೂಗಿತು. ಸದ್ದು ಅಡಗಿಸಿದೆ. ಇಂಥ ಕಡೆ ಅಷ್ಟು ಹೊತ್ತು ನಿಲ್ಲಿಸಬಾರದು ಎಂದು ನಾನೇ ಬೇರೆಯವರಿಗೆ ಪಾಠ ಹೇಳುತ್ತೇನೆ. ಮತ್ತೆ ಕೂಗಿತು, ಮತ್ತೆ ಅಡಗಿಸಿದೆ. ಕೊನೆಗೆ ಅದು ನನ್ನ ಮಾತು ಕೇಳದೆ ತಾನೇ ಮೇಲೆದ್ದು ಹಿಂದಿರುಗಲು ಹೊರಟಿತು. ಗಿಡ ಸಣ್ಣದಾಗಿ, ಬೇವುಗಳ ಹಸಿರಿನಲ್ಲಿ ಮುಚ್ಚಿಹೋಯಿತು.

ತಾಯಿಯ ಕಣ್ಣುಗಳು ಸೋತಿದ್ದವು, ಮುಚ್ಚಿಕೊಂಡರು. ಕೈ ಇನ್ನೂ ಆಡುತ್ತಿತ್ತು.

“ನಿಂತೇನ್ರಿ ತೊಟ್ಟಲಾ?”

“ಇಲ್ರೀ ಅವ್ವಾ” ಎಂದೆ. “ಇನ್ನಾ ತೂಗಾಕತ್ತೈತಿ.”

ಪರದೆಯ ಮೇಲೆ ಬರೀ ಗುಡ್ಡ ಇತ್ತು.